ಹರಿದ ಪರದೆಯಲ್ಲಿ ತೂತು ಹುಡುಕಿದ ಡಾಕ್ಟರು

ನೂರಿಪ್ಪತ್ತು ವರ್ಷಗಳ ಹಿಂದೆ ರೆಟಿನಾ ಕಳಚಿದೆ ಎಂದು ಡಾಕ್ಟರು ಹೇಳಿದರೆ ಆ ಕಣ್ಣಿನ ಆಸೆ ಬಿಟ್ಟುಬಿಡಬೇಕಿತ್ತು. ಬರ್ಲಿನ್ನಿಗೆ ಹೋದರೂ ಅಷ್ಟೇ, ಪ್ಯಾರಿಸ್ಸಿಗೆ ಹೋದರೂ ಅಷ್ಟೇ. ಮಾಡಲು ಏನೂ ಇರಲಿಲ್ಲ ಎಂದಲ್ಲ, ಮಾಡುವುದು ಬೇಕಾದಷ್ಟಿತ್ತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ವಾರಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ಉಪ್ಪು ಬಿಡಿಸುತ್ತಿದ್ದರು. ಔಷಧಿ ಕೊಟ್ಟು ಮೈಯೆಲ್ಲ ಬೆವರಿಸುತ್ತಿದ್ದರು. ಕಣ್ಣಿಗೆ ಉಪ್ಪುನೀರಿನ ಸೂಜಿ ಚುಚ್ಚುತ್ತಿದ್ದರು. ಅಮೆರಿಕದ ನೇತ್ರವೈದ್ಯ ಡೆರಿಕ್ ವೇಲ್ 1912ರಲ್ಲಿ ತಮ್ಮ ದೇಶದ ನೂರಾರು ಕಣ್ಣಿನ ಡಾಕ್ಟರುಗಳಿಗೆ ಪತ್ರ ಬರೆದು, ನಿಮ್ಮ ಕೈಯಲ್ಲಿ ಎಷ್ಟು ಮಂದಿಗೆ ವಾಸಿಯಾಗಿದೆ ಎಂದು ವಿಚಾರಿಸಿದರು. ಬಂದ ಉತ್ತರಗಳನ್ನು ಕೂಡಿ ಕಳೆದಾಗ ಸಿಕ್ಕ ಲೆಕ್ಕ ಸಾವಿರಕ್ಕೆ ಒಂದು. ಆ ಒಂದು ಕೂಡ ದೇವರ ದಯೆಯೇ ಇರಬೇಕು.

ಆ ಸಾವಿರಕ್ಕೆ ಒಂದನ್ನು ಹೆಚ್ಚೂಕಡಿಮೆ ಎರಡಕ್ಕೆ ಒಂದು ಮಾಡಿದವರು ಸ್ವಿಟ್ಜರ್ಲೆಂಡಿನ ಜೂಲ್ ಗೋನಿನ್. ಅವರ ಊರಿನ ಫ್ರೆಂಚಿನಲ್ಲಿ ಕೊನೆಯ ಅಕ್ಷರ ಮೂಗಿನಲ್ಲೇ ಕರಗಿಹೋಗುತ್ತದೆ, ನಮ್ಮ ನಾಲಿಗೆಗೆ ಅದು ಒಗ್ಗುವುದಿಲ್ಲ. ಕಣ್ಣಿನ ವಿದ್ಯೆ ಓದಿದ ಪ್ರತಿಯೊಬ್ಬರೂ ಈ ಹೆಸರನ್ನು ಕೇಳಿರುತ್ತಾರೆ. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ನಾನು ಹೈದರಾಬಾದಿನ ಮಾದಾಪುರದಲ್ಲಿ ಕಣ್ಣು ಪರೀಕ್ಷಿಸುವ ಆಪ್ಟೊಮೆಟ್ರಿಸ್ಟ್, ಊರು ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆ. ಇಲ್ಲಿಗೆ ಬರುವ ಕನ್ನಡದವರಿಗೆ, ಅದರಲ್ಲೂ ದಪ್ಪ ಕನ್ನಡಕದ ಮಕ್ಕಳನ್ನು ಕರೆತರುವ ತಂದೆತಾಯಿಗೆ, ಗೋನಿನ್ನರ ಕಥೆ ಹೇಳಬೇಕೆಂದು ಬಹಳ ದಿನದಿಂದ ಇತ್ತು. ಅದು ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮೊದಲು ರೆಟಿನಾ ಎಂದರೆ ಏನೆಂದು ಒಂದು ಮಾತು. ಕಣ್ಣಿನ ಗುಡ್ಡೆಯ ಒಳಗೋಡೆಗೆ ಅಂಟಿಕೊಂಡಿರುವ, ಅರ್ಧ ಮಿಲಿಮೀಟರಿಗಿಂತ ತೆಳುವಾದ ಪೊರೆ ಅದು. ಶಾಲೆಯ ಪುಸ್ತಕದಲ್ಲಿ ಅಕ್ಷಿಪಟಲ ಎಂದು ಓದಿದ್ದೇವೆ. ಬೆಳಕನ್ನು ಹಿಡಿದು ಮಿದುಳಿಗೆ ಕಳಿಸುವುದು ಅದರ ಕೆಲಸ. ಅದಕ್ಕೆ ಬೇಕಾದ ಪೋಷಣೆಯ ದೊಡ್ಡ ಪಾಲು ಹಿಂದಿನ ಗೋಡೆಯಿಂದ ಬರುತ್ತದೆ, ಆದ್ದರಿಂದ ಗೋಡೆ ಬಿಟ್ಟರೆ ಅದು ಉಪವಾಸ ಬೀಳುತ್ತದೆ. ಮಾದಾಪುರದ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆಗೆ ಇರುವವರಿಗೆ ಹೋಲಿಕೆ ಬೇಗ ಹೊಳೆಯುತ್ತದೆ: ಮಳೆಗಾಲದಲ್ಲಿ ಗೋಡೆಯ ಬಣ್ಣದ ಹಿಂದೆ ನೀರು ಸೇರಿ, ಬಣ್ಣ ಗುಳ್ಳೆಯಾಗಿ ಉಬ್ಬಿ, ಕೊನೆಗೆ ಹಾಳೆಯ ಹಾಗೆ ಎದ್ದುಬರುವುದನ್ನು ನೋಡಿದ್ದೀರಲ್ಲ, ಹಾಗೆಯೇ. ಮನೆಯ ಮಾಲೀಕ ಬಣ್ಣ ಬಳಿಸುತ್ತಾನೆ, ಮುಂದಿನ ಮಳೆಗೆ ಮತ್ತೆ ಏಳುತ್ತದೆ. ನೀರು ಎಲ್ಲಿಂದ ಬಂತು ಎಂದು ಹುಡುಕುವ ಉಸಾಬರಿಗೆ ಯಾರೂ ಹೋಗುವುದಿಲ್ಲ. ಗೋನಿನ್ ಬದುಕಿಡೀ ಮಾಡಿದ್ದು ಆ ಉಸಾಬರಿಯನ್ನೇ.

ಅವರು ಹುಟ್ಟಿದ್ದು 1870ರ ಆಗಸ್ಟ್ 10ರಂದು, ಲೂಸಾನಿನಲ್ಲಿ. ಒಲಿಂಪಿಕ್ ಸಮಿತಿಯ ಕೇಂದ್ರ ಕಚೇರಿ ಇರುವ ಊರೆಂದು ನಮಗೆ ಅದರ ಹೆಸರು ಗೊತ್ತು, ಆದರೆ ಆ ಕಚೇರಿ ಅಲ್ಲಿಗೆ ಬಂದದ್ದು 1915ರಲ್ಲಿ. ಗೋನಿನ್ ಹುಡುಗನಾಗಿದ್ದಾಗ ಅದು ಸರೋವರದ ದಂಡೆಯ ಇಳಿಜಾರಿನ ಮೇಲೆ ಕೂತ, ದ್ರಾಕ್ಷಿ ತೋಟಗಳ ನಡುವಿನ ಊರು. ಎದುರಿಗೆ ಆಲ್ಪ್ಸ್ ಬೆಟ್ಟ. ವೈದ್ಯಕೀಯವನ್ನು ಅಲ್ಲೇ ಓದಿದರು. ಕೆಲಸಕ್ಕೆ ಸೇರಿದ್ದೂ ಊರಿನ ಕಣ್ಣಿನ ಆಸ್ಪತ್ರೆಗೇ. ಆ ಆಸ್ಪತ್ರೆ ಇದ್ದದ್ದು 1843ರಲ್ಲಿ ಶುರುವಾದ ಕುರುಡರ ಆಶ್ರಯಧಾಮದ ಜೊತೆಯಲ್ಲಿ. ಒಂದು ಕಡೆ ಕಣ್ಣು ಉಳಿಸಲು ನೋಡುವವರು, ಇನ್ನೊಂದು ಕಡೆ ಉಳಿಯದ ಕಣ್ಣಿನವರು. ರೆಟಿನಾ ಕಳಚಿದ ರೋಗಿ ಆಸ್ಪತ್ರೆಯ ಬಾಗಿಲಲ್ಲಿ ಬಂದು ಆಶ್ರಯಧಾಮದ ಬಾಗಿಲಿಗೆ ಹೋಗುವುದನ್ನು ತರುಣ ಡಾಕ್ಟರು ಎಷ್ಟು ಸಲ ಕಂಡಿರಬಹುದು ಎಂದು ನಾನು ಯೋಚಿಸುತ್ತಿರುತ್ತೇನೆ.

ಗುರು ಸಿಕ್ಕಿದ್ದು ದೊಡ್ಡವರೇ. ಮಾರ್ಕ್ ಡುಫೂರ್ ಎಂದರೆ ಆಗಿನ ಯುರೋಪಿನಲ್ಲಿ ಹೆಸರಾದ ನೇತ್ರವೈದ್ಯರು. ಅವರ ಕೈಕೆಳಗೆ ಗೋನಿನ್ ಎರಡು ಬಗೆಯ ಕೆಲಸ ಕಲಿತರು. ಹಗಲು ರೋಗಿಗಳ ಕಣ್ಣೊಳಗೆ ನೋಡುವುದು ಒಂದು. ಇನ್ನೊಂದು, ತೆಗೆದುಹಾಕಬೇಕಾಗಿ ಬಂದ ಕಣ್ಣುಗಳನ್ನು ಪ್ರಯೋಗಾಲಯದಲ್ಲಿ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ನೋಡುವುದು. ಇರುಳುಗಣ್ಣಿನಿಂದ ಶುರುವಾಗಿ ಕೊಳವೆಯೊಳಗಿಂದ ನೋಡಿದಂತೆ ನೋಟ ಕಿರಿದಾಗುವ ರೋಗವೊಂದಿದೆ, ಅದರಲ್ಲಿ ನೋಟ ಮೊದಲು ಉಂಗುರದ ಆಕಾರದಲ್ಲಿ ಅಳಿಯುತ್ತದೆ ಎಂದು 1901ರ ಹೊತ್ತಿಗೇ ತೋರಿಸಿದ್ದರು. ರೆಟಿನಾದ ಅಂಚಿನ ಕಡೆ, ಯಾರೂ ಅಷ್ಟಾಗಿ ನೋಡದ ಮೂಲೆಗಳ ಕಡೆ ನೋಡುವ ಚಾಳಿ ಅಂದಿನಿಂದಲೇ ಅಂಟಿತ್ತು ಎನ್ನಿಸುತ್ತದೆ. ರೆಟಿನಾದ ರೋಗಗಳ ಮೇಲೆ ಫ್ರೆಂಚ್ ನೇತ್ರವೈದ್ಯ ವಿಶ್ವಕೋಶಕ್ಕೆ ಗುರುಶಿಷ್ಯರಿಬ್ಬರೂ ಸೇರಿ ದೊಡ್ಡದೊಂದು ಭಾಗ ಬರೆದರು, ಅದು 1906ರಲ್ಲಿ ಅಚ್ಚಾಯಿತು. ರೆಟಿನಾ ಕಳಚುವ ಪ್ರಶ್ನೆಗೆ ಗೋನಿನ್ ಕಚ್ಚಿಕೊಂಡದ್ದು ಈ ವರ್ಷಗಳಲ್ಲೇ.

ಪ್ರಶ್ನೆ ಹಳೆಯದು. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಣ್ಣೊಳಗೆ ನೋಡುವ ಕನ್ನಡಿ ತಂದ ಮೇಲೆ ಕಳಚಿದ ರೆಟಿನಾ ಸ್ಪಷ್ಟವಾಗಿ ಕಣ್ಣಿಗೆ ಕಂಡಿತು. ಅದರಲ್ಲಿ ಕೆಲವೊಮ್ಮೆ ಹರಿದ ತೂತು ಇರುತ್ತದೆ ಎಂಬುದೂ ಎರಡೇ ವರ್ಷದಲ್ಲಿ ಗೊತ್ತಾಯಿತು. ಆದರೆ ತೂತಿನಿಂದ ರೆಟಿನಾ ಕಳಚಿತೋ, ಕಳಚಿದ್ದರಿಂದ ತೂತು ಬಿತ್ತೋ? ಬಹುಪಾಲು ಪಂಡಿತರು ಎರಡನೆಯದೇ ಸರಿ ಎಂದರು. ಹಿಂದಿನ ಗೋಡೆಯಿಂದ ದ್ರವ ಒಸರಿ ರೆಟಿನಾವನ್ನು ತಳ್ಳುತ್ತದೆ, ಅದಕ್ಕೇ ಉಪ್ಪು ಬಿಡಬೇಕು, ಬೆವರಬೇಕು. ಜರ್ಮನಿಯ ಥಿಯೊಡೋರ್ ಲೇಬರ್ 1882ರಲ್ಲಿ ತೂತೇ ಮೊದಲು ಎಂದಿದ್ದರು. ಒಪ್ಪಿದವರು ಕಡಿಮೆ. ಎದುರು ವಾದಕ್ಕೆ ಒಂದು ಗಟ್ಟಿ ಆಧಾರವೂ ಇತ್ತು: ಎಷ್ಟೋ ರೋಗಿಗಳ ಕಣ್ಣಲ್ಲಿ ತೂತೇ ಸಿಗುತ್ತಿರಲಿಲ್ಲ.

ಗೋನಿನ್ ಹೇಳಿದ್ದು, ಹುಡುಕಿದರೆ ಸಿಗುತ್ತದೆ ಎಂದು. ಕೊಯ್ದ ಕಣ್ಣುಗಳಲ್ಲಿ ಅವರು ಕಂಡದ್ದನ್ನು 1904ರಲ್ಲಿ ಬರೆದರು. ಕಣ್ಣಿನ ಗುಡ್ಡೆಯ ಒಳಗೆ ತುಂಬಿಕೊಂಡಿರುವ ಪಾರದರ್ಶಕ ಲೋಳೆ ಇದೆಯಲ್ಲ, ವಿಟ್ರಿಯಸ್, ಅದು ಕೆಲವರಲ್ಲಿ ಕೆಟ್ಟು ಕುಗ್ಗುತ್ತದೆ. ಕುಗ್ಗುವಾಗ ರೆಟಿನಾಗೆ ಎಲ್ಲಿ ಬಿಗಿಯಾಗಿ ಅಂಟಿರುತ್ತದೋ ಅಲ್ಲಿ ಎಳೆಯುತ್ತದೆ. ಪೊರೆ ಹರಿಯುತ್ತದೆ. ಹರಿದ ಬಾಯಿಯೊಳಗಿಂದ ಲೋಳೆಯ ತೆಳುವಾದ ನೀರು ಹಿಂದಕ್ಕೆ ಹೊಕ್ಕು ರೆಟಿನಾವನ್ನು ಗೋಡೆಯಿಂದ ಎಬ್ಬಿಸುತ್ತದೆ. ಹಾಗಾಗಿ ಮೊದಲ ತಪ್ಪು ಗೋಡೆಯದಲ್ಲ, ಪೊರೆಯದೂ ಅಲ್ಲ, ಎಳೆಯುವ ಆ ಲೋಳೆಯದು.

ಗೋನಿನ್ನರ ಬದುಕಿನ ದಾರಿ ಬಿಟ್ಟು ಸ್ವಲ್ಪ ಮಾದಾಪುರಕ್ಕೆ ಬರುತ್ತೇನೆ, ನನ್ನ ಕೆಲಸ ಅವರ ಮಾತಿಗೆ ತಾಗುವುದು ಇಲ್ಲೇ. ಕಲಬುರಗಿ, ಬೀದರ್, ರಾಯಚೂರಿನಿಂದ ಬಂದು ಹೈಟೆಕ್ ಸಿಟಿಯ ಸುತ್ತ ನೆಲೆಸಿದ ಕುಟುಂಬಗಳು ಬೇಕಾದಷ್ಟು. ಅವರಲ್ಲಿ ಅಪರೂಪಕ್ಕೆ ಒಂದು ಬಗೆಯ ಮಗು ಬರುತ್ತದೆ. ನಾಲ್ಕನೆಯ ವಯಸ್ಸಿಗೇ ಮೈನಸ್ ಹತ್ತು, ಹನ್ನೆರಡರ ಕನ್ನಡಕ. ಕೇಳುತ್ತಾ ಹೋದರೆ ಒಂದೊಂದೇ ಹೊರಬರುತ್ತದೆ: ಹುಟ್ಟಿದಾಗ ಅಂಗುಳು ಸೀಳಿತ್ತು, ಆಪರೇಷನ್ ಆಗಿದೆ. ಕಿವಿ ಸ್ವಲ್ಪ ಮಂದ. ಮುಖ ಚಪ್ಪಟೆ, ಗಲ್ಲ ಚಿಕ್ಕದು. ಬೆರಳು ಹೇಗೆ ಬೇಕಾದರೂ ಬಾಗುತ್ತವೆ, ಆದರೆ ಮಂಡಿ ನೋವು ಎನ್ನುತ್ತದೆ. ಅಂಗುಳಿಗೆ ಒಬ್ಬ ಡಾಕ್ಟರು, ಕಿವಿಗೆ ಒಬ್ಬರು, ಮಂಡಿಗೆ ಒಬ್ಬರು, ಕಣ್ಣಿಗೆ ನಾವು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರುವುದಿಲ್ಲ. ಆಮೇಲೆ ತಂದೆಯನ್ನೋ ತಾಯಿಯನ್ನೋ ನೋಡಿದರೆ ಅವರದೂ ದಪ್ಪ ಕನ್ನಡಕ, ಒಂದು ಕಣ್ಣು ಹರೆಯದಲ್ಲೇ ಹೋಗಿದೆ. ಚೆಂಡು ತಾಗಿತ್ತು, ಜ್ವರ ಬಂದಿತ್ತು, ಹೀಗೆ ಮನೆಯಲ್ಲಿ ಅದಕ್ಕೊಂದು ಕಾರಣವೂ ತಯಾರಿರುತ್ತದೆ.

ಇದಕ್ಕೆ ಸ್ಟಿಕ್ಲರ್ ಸಿಂಡ್ರೋಮ್ ಎಂದು ಹೆಸರು. ಅಮೆರಿಕದ ಮೇಯೊ ಕ್ಲಿನಿಕ್ಕಿನ ಮಕ್ಕಳ ವೈದ್ಯ ಗುನ್ನರ್ ಸ್ಟಿಕ್ಲರ್ ಇದನ್ನು 1965ರಲ್ಲಿ ವಿವರಿಸಿದರು. ಅವರ ಕಣ್ಣಿಗೆ ಮೊದಲು ಬಿದ್ದದ್ದು 12 ವರ್ಷದ ಒಬ್ಬ ಹುಡುಗ. ಕೀಲುಗಳು ದಪ್ಪ, ದೃಷ್ಟಿ ವಿಪರೀತ ಮಂದ, ತಾಯಿಗೆ ಕಣ್ಣೇ ಕಾಣದು. ದೇಹದ ಭಾಗಗಳನ್ನು ಹಿಡಿದು ಕಟ್ಟುವ ಸಂಯೋಜಕ ಅಂಗಾಂಶಗಳಲ್ಲಿ ಕಾಲಜನ್ ಎಂಬ ನಾರು ಇರುತ್ತದೆ. ಅದರ ಎರಡನೆಯ ಬಗೆ ಮುಖ್ಯವಾಗಿ ಸಿಗುವುದು ಎರಡು ಕಡೆ, ಕೀಲಿನ ಮೃದ್ವಸ್ಥಿಯಲ್ಲಿ ಮತ್ತು ಕಣ್ಣಿನ ಆ ಲೋಳೆಯಲ್ಲಿ. ಮಂಡಿಗೂ ಕಣ್ಣಿಗೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ಇಷ್ಟೇ. ಈ ನಾರಿನ ಜೀನ್ ಕೆಟ್ಟರೆ ಕೀಲು ಬೇಗ ಸವೆಯುತ್ತದೆ, ಲೋಳೆ ಹುಟ್ಟಿನಿಂದಲೇ ಸರಿಯಾಗಿ ಕಟ್ಟಿಕೊಂಡಿರುವುದಿಲ್ಲ. ಲೋಳೆ ಕೆಟ್ಟರೆ ಏನಾಗುತ್ತದೆ ಎಂದು ಗೋನಿನ್ 1904ರಲ್ಲೇ ಬರೆದಿಟ್ಟಿದ್ದಾರೆ. ಸ್ಟಿಕ್ಲರ್‌ನ ಸಾಮಾನ್ಯ ಬಗೆಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ರೆಟಿನಾ ಕಳಚುತ್ತದೆ, ಹಲವರಿಗೆ ಎರಡೂ ಕಣ್ಣಲ್ಲಿ, ಕೆಲವರಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ.

ಇದರ ದಾಯಾದಿ ಮಾರ್ಫಾನ್ ಸಿಂಡ್ರೋಮ್. ಪ್ಯಾರಿಸ್ಸಿನ ಮಕ್ಕಳ ವೈದ್ಯ ಆಂತ್ವಾನ್ ಮಾರ್ಫಾನ್ 1896ರಲ್ಲಿ ಜೇಡನ ಕಾಲಿನಂಥ ಉದ್ದ ಬೆರಳುಗಳ ಐದು ವರ್ಷದ ಹುಡುಗಿಯೊಬ್ಬಳ ಬಗ್ಗೆ ಬರೆದಿದ್ದರು. ಅದರಲ್ಲಿ ಕೆಡುವುದು ಫಿಬ್ರಿಲಿನ್ ಎಂಬ ಬೇರೆ ಪ್ರೋಟೀನು. ಕಣ್ಣಿನ ಮಸೂರ ಜಾರುವುದು, ಹೃದಯದಿಂದ ಹೊರಡುವ ಮಹಾಪಧಮನಿ ಹಿಗ್ಗುವುದು ಅದರ ಮುಖ್ಯ ಲಕ್ಷಣ. ಕಣ್ಣು ಉದ್ದವಾಗಿ ಬೆಳೆಯುವುದರಿಂದ ಅಲ್ಲಿಯೂ ರೆಟಿನಾ ಕಳಚುವ ಭಯ ಇದ್ದದ್ದೇ.

ಮಾರ್ಫಾನ್ ಆಗಲಿ ಗೋನಿನ್ ಆಗಲಿ ಇದನ್ನೆಲ್ಲ ಒಂದೇ ಹಗ್ಗದಲ್ಲಿ ಕಟ್ಟಿರಲಿಲ್ಲ. ಜೀನ್ ಎಂಬ ಪದವೇ ಹುಟ್ಟಿದ್ದು 1909ರಲ್ಲಿ. ಗೋನಿನ್ನರಿಗೆ ಬೇಕಿದ್ದದ್ದು ಒಂದೇ: ತೂತೇ ಮೂಲವಾದರೆ ತೂತನ್ನು ಮುಚ್ಚಬಹುದಲ್ಲ!

ಹೇಳುವುದು ಸುಲಭ. ತೂತು ಇರುವುದು ಕಣ್ಣಿನ ಒಳಗೆ, ಹಿಂಭಾಗದಲ್ಲಿ. ಡಾಕ್ಟರು ನಿಂತಿರುವುದು ಹೊರಗೆ, ಮುಂದೆ. ಆಗಿನ ಕನ್ನಡಿಯಲ್ಲಿ ಒಂದು ಸಲಕ್ಕೆ ಕಾಣುವುದು ರೆಟಿನಾದ ಚಿಕ್ಕದೊಂದು ತುಣುಕು, ಬಾಗಿಲ ಸಂದಿನಿಂದ ಇಡೀ ಮನೆ ನೋಡಿದ ಹಾಗೆ. ತೂತುಗಳು ಸಾಮಾನ್ಯವಾಗಿ ಅಂಚಿನಲ್ಲಿ ಅಡಗಿರುತ್ತವೆ. ಗೋನಿನ್ ಪಾಪೆಯನ್ನು ಔಷಧಿಯಿಂದ ಅರಳಿಸಿ, ರೋಗಿಯ ಕಣ್ಣನ್ನು ಆ ಕಡೆ ಈ ಕಡೆ ತಿರುಗಿಸಿ, ತಾಸುಗಟ್ಟಲೆ ಹುಡುಕುತ್ತಿದ್ದರು. ಇಂದು ಸಿಗದಿದ್ದರೆ ರೋಗಿಯನ್ನು ಮಲಗಿಸಿ ನಾಳೆ ಮತ್ತೆ. ಸಿಕ್ಕಿದ್ದನ್ನು ಕಾಗದದ ಮೇಲೆ ಚಿತ್ರ ಬರೆದುಕೊಳ್ಳುವರು: ಗಡಿಯಾರದ ಎಷ್ಟನೆಯ ಗಂಟೆಯ ದಿಕ್ಕಿನಲ್ಲಿದೆ, ಅಂಚಿನಿಂದ ಎಷ್ಟು ದೂರದಲ್ಲಿದೆ, ಯಾವ ರಕ್ತನಾಳದ ಪಕ್ಕದಲ್ಲಿದೆ. ಆ ಲೆಕ್ಕವನ್ನು ಹೊರಗಿನ ಬಿಳಿಗೋಡೆಯ ಮೇಲೆ ಅಳೆದು ಗುರುತು ಹಾಕಬೇಕು. ಒಂದೆರಡು ಮಿಲಿಮೀಟರ್ ತಪ್ಪಿದರೆ ಎಲ್ಲ ವ್ಯರ್ಥ. ನಮ್ಮೂರಿನ ಕಡೆ ಬಾವಿ ತೋಡಿಸುವ ಮುಂಚೆ ನೆಲ ನೋಡಿ ಗೂಟ ಹೊಡೆಯುತ್ತಾರಲ್ಲ, ಹೆಚ್ಚೂಕಡಿಮೆ ಆ ಕೆಲಸ. ವ್ಯತ್ಯಾಸವೆಂದರೆ ಇವರಿಗೆ ಎರಡನೆಯ ಬಾವಿ ತೋಡಲು ಹೊಲ ಇರಲಿಲ್ಲ.

ಗುರುತಿನ ಮೇಲೆ ಚಿಕ್ಕ ಕೊಯ್ತ. ಅದರೊಳಗೆ ಬೆಂಕಿಯಲ್ಲಿ ಕಾದು ಬೆಳ್ಳಗಾದ ಪ್ಲಾಟಿನಮ್ ಮೊನೆಯನ್ನು ಕ್ಷಣಮಾತ್ರ ಇಳಿಸಿ ತೆಗೆಯುವುದು. ಹಿಂದೆ ಸೇರಿದ ನೀರು ಆ ದಾರಿಯಲ್ಲೇ ಹೊರಗೆ ಹರಿಯುತ್ತದೆ, ರೆಟಿನಾ ಗೋಡೆಗೆ ಬಂದು ಕೂರುತ್ತದೆ, ಸುಟ್ಟ ಗಾಯ ಮಾಯುವಾಗ ತೂತಿನ ಅಂಚು ಗೋಡೆಗೆ ಬೆಸೆದುಕೊಳ್ಳುತ್ತದೆ. ಬೆಸೆಯುವ ಕೆಲಸ ದೇಹದ್ದು, ಸರಿಯಾದ ಜಾಗದಲ್ಲಿ ಸುಡುವುದಷ್ಟೇ ವೈದ್ಯನದು. ಬೆಂಕಿಯಿಂದ ಚುಚ್ಚುವುದು ಎಂಬ ಅರ್ಥದಲ್ಲಿ ಇಗ್ನಿಪಂಕ್ಚರ್ ಎಂದು ಅದಕ್ಕೆ ಹೆಸರಿಟ್ಟರು. ನಮ್ಮ ಹಳ್ಳಿಗಳಲ್ಲಿ ಬರೆ ಹಾಕುವುದನ್ನು ಕಂಡವರಿಗೆ ಮೈ ಜುಮ್ಮೆನ್ನಬಹುದು. ಯುರೋಪಿನ ವೈದ್ಯರಿಗೂ ಹಾಗೆಯೇ ಅನ್ನಿಸಿತು.

ಮೊದಲ ಮಹಾಯುದ್ಧ ಮುಗಿದ ಹೊಸದರಲ್ಲಿ, 1919-20ರ ಸುಮಾರಿಗೆ, ಗೋನಿನ್ ಈ ಚಿಕಿತ್ಸೆಯನ್ನು ವೈದ್ಯರ ಸಭೆಗಳ ಮುಂದಿಟ್ಟರು. 1920ರಲ್ಲಿ, ಐವತ್ತರ ವಯಸ್ಸಿನಲ್ಲಿ, ಲೂಸಾನಿನಲ್ಲಿ ನೇತ್ರವಿಜ್ಞಾನದ ಪ್ರಾಧ್ಯಾಪಕರಾದರು. ಗುರು ಡುಫೂರ್ 1910ರಲ್ಲೇ ತೀರಿಕೊಂಡಿದ್ದರು. ಹುದ್ದೆ ಬಂತು, ಒಪ್ಪಿಗೆ ಬರಲಿಲ್ಲ. ಚಿಕ್ಕ ಊರಿನ ಡಾಕ್ಟರು, ಕಣ್ಣಿಗೆ ಬೆಂಕಿ ಇಡುತ್ತಾರೆ, ತೂತೇ ಮೂಲ ಎಂಬ ಹಳೆಯ ರಾಗ ಹಾಡುತ್ತಾರೆ! ಪ್ಯಾರಿಸ್ಸಿನ ಸಭೆಗಳಿಗೆ ವರ್ಷವರ್ಷವೂ ಹೊಸ ರೋಗಿಗಳ ಲೆಕ್ಕ ಹಿಡಿದು ಹೋಗುವರು, ಕೇಳಿದವರು ತಲೆಯಾಡಿಸಿ ಮನೆಗೆ ಹೋಗಿ ತಮ್ಮ ರೋಗಿಗಳಿಗೆ ಉಪ್ಪು ಬಿಡಿಸುವರು. ಹೀಗೆ ಹತ್ತು ವರ್ಷ. ಈ ಹತ್ತು ವರ್ಷಗಳಲ್ಲಿ ಎಷ್ಟು ಕಣ್ಣು ಸುಮ್ಮನೆ ಹೋದವು ಎಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ. ವಿರೋಧಿಗಳನ್ನು ಪೂರ್ತಿ ದೂರುವುದೂ ಸರಿಯಲ್ಲ. ಗೋನಿನ್ನರ ಹಾಗೆ ತಾಸುಗಟ್ಟಲೆ ಕೂತು ಹುಡುಕುವ ತಾಳ್ಮೆ ಇಲ್ಲದವರು ಆಪರೇಷನ್ ಮಾಡಿ ಸೋಲುತ್ತಿದ್ದರು, ಸೋತವರು ಚಿಕಿತ್ಸೆಯನ್ನೇ ಬೈಯುತ್ತಿದ್ದರು.

ಕೊನೆಗೆ ಗೆಲ್ಲಿಸಿದ್ದು ವಾದವಲ್ಲ, ನೋಡಲು ಬಂದವರು. ಬಾರ್ಸಿಲೋನಾದ ಅರೂಗ, ನೆದರ್ಲೆಂಡ್ಸಿನ ವೇವ್ ಮುಂತಾದವರು ಈ ವಿಧಾನವನ್ನು ಕಲಿತು ತಮ್ಮ ಊರಿನಲ್ಲಿ ಮಾಡಿ ಗೆದ್ದರು. ಲೂಸಾನಿನಲ್ಲೇ ಮಾರ್ಕ್ ಆಮ್ಸ್ಲರ್ ಎಂಬ ಶಿಷ್ಯ ಸಿದ್ಧವಾದರು. ಸಕ್ಕರೆ ಕಾಯಿಲೆಯವರಿಗೂ ವಯಸ್ಸಾದವರಿಗೂ ಕಣ್ಣಿನ ಡಾಕ್ಟರು ಚೌಕುಳಿ ಗೆರೆಗಳ ಹಾಳೆ ತೋರಿಸಿ ಗೆರೆ ಸೊಟ್ಟ ಕಾಣುತ್ತದೆಯೇ ಎಂದು ಕೇಳುತ್ತಾರಲ್ಲ, ಆ ಆಮ್ಸ್ಲರ್ ಹಾಳೆ ಇವರದೇ. 1929ರ ಸೆಪ್ಟೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜಗತ್ತಿನ ನೇತ್ರವೈದ್ಯರೆಲ್ಲ ಸೇರಿದ ಸಮ್ಮೇಳನ ನಡೆಯಿತು. ಅಲ್ಲಿ ಬೇರೆಬೇರೆ ದೇಶದವರು ಎದ್ದು ನಿಂತು ತೂತು ಮುಚ್ಚಿದರೆ ರೆಟಿನಾ ಕೂರುತ್ತದೆ ಎಂದು ತಮ್ಮ ತಮ್ಮ ರೋಗಿಗಳ ಲೆಕ್ಕ ಕೊಟ್ಟರು. ಗೋನಿನ್ನರಿಗೆ ಆಗ 59. ಹೊಸದಾಗಿ ಕಳಚಿದ ಕಣ್ಣುಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟನ್ನು ಅವರು ಉಳಿಸುತ್ತಿದ್ದರು. ಅಲ್ಲಿಂದ ಮುಂದೆ ಲೂಸಾನಿಗೆ ದೂರದೂರದ ರೋಗಿಗಳು, ಡಾಕ್ಟರುಗಳು ರೈಲು ಹತ್ತಿ ಬರತೊಡಗಿದರು.

ಆಶ್ಚರ್ಯವೆಂದರೆ ಅವರ ಬೆಂಕಿಯ ಮೊನೆ ಬಹಳ ದಿನ ಬಾಳಲಿಲ್ಲ. ಸ್ವೀಡನ್ನಿನ ಲಾರ್ಸನ್, ವೇವ್, ವಿಯೆನ್ನಾದ ಸಫಾರ್ 1930ರ ಹೊತ್ತಿಗೆ ವಿದ್ಯುತ್ತಿನಿಂದ ಬಿಸಿ ಹುಟ್ಟಿಸುವ ಡಯಾಥರ್ಮಿಯನ್ನು ತಂದರು. ಅದು ಕೈಗೆ ಸುಲಭ, ಕಣ್ಣಿಗೆ ಮೃದು. ಆಮೇಲೆ ಕಣ್ಣಿಗೆ ಹೊರಗಿನಿಂದ ಪಟ್ಟಿ ಬಿಗಿಯುವುದು ಬಂತು, ಹಿಮದಷ್ಟು ತಣ್ಣಗಿನ ಕ್ರಯೊ ಬಂತು, ಲೇಸರ್ ಬಂತು, 1970ರ ನಂತರ ಲೋಳೆಯನ್ನೇ ಕತ್ತರಿಸಿ ತೆಗೆಯುವ ವಿಟ್ರೆಕ್ಟಮಿ ಬಂತು. ಸಾಧನ ಒಂದೊಂದೂ ಬದಲಾಯಿತು. ತೂತು ಹುಡುಕು, ಚಿತ್ರ ಬರೆ, ಮುಚ್ಚು ಎಂಬ ಕ್ರಮ ಬದಲಾಗಲಿಲ್ಲ. ಇಂದಿಗೂ ರೆಟಿನಾ ಡಾಕ್ಟರು ಕೂತಿರುವ ಪೊರೆಯನ್ನು ಕೆಂಪಿನಲ್ಲಿ, ಎದ್ದ ಪೊರೆಯನ್ನು ನೀಲಿಯಲ್ಲಿ, ತೂತನ್ನು ನೀಲಿ ಅಂಚಿನ ಕೆಂಪಿನಲ್ಲಿ ಬರೆಯುತ್ತಾರೆ. ನಾನು ಕಾಲೇಜಿನಲ್ಲಿ ಬಣ್ಣದ ಪೆನ್ಸಿಲ್ಲು ಕೊಳ್ಳಬೇಕಾಗಿ ಬಂದಾಗ ಅಪ್ಪ ಇದೆಂಥ ಓದು ಎಂದು ಅನುಮಾನಪಟ್ಟಿದ್ದರು.

ನಮ್ಮ ಕಡೆಯ ಕಣ್ಣಿನ ಡಾಕ್ಟರೆಂದರೆ ಎಲ್ಲರ ನೆನಪಿಗೂ ಬರುವವರು ಬೀಳಗಿಯ ಡಾ. ಎಂ. ಸಿ. ಮೋದಿ. ಊರೂರಿಗೆ ಹೋಗಿ, ಶಾಲೆಯ ಜಗಲಿಯಲ್ಲಿ, ಛತ್ರದಲ್ಲಿ ಲಕ್ಷಗಟ್ಟಲೆ ಮಂದಿಯ ಕಣ್ಣಿನ ಪೊರೆ ತೆಗೆದ ಪುಣ್ಯಾತ್ಮ. ಪೊರೆಯ ಕುರುಡಿಗೆ ಅವಸರವಿಲ್ಲ, ಈ ವರ್ಷ ಆಗದಿದ್ದರೆ ಮುಂದಿನ ವರ್ಷ ಶಿಬಿರ ಬಂದಾಗ ತೆಗೆಸಿದರೂ ಬೆಳಕು ಬರುತ್ತದೆ. ರೆಟಿನಾ ಹಾಗಲ್ಲ. ನಡುವಿನ ನೋಟದ ಜಾಗವೂ ಎದ್ದುಬಿಟ್ಟರೆ ದಿನ ಕಳೆದಂತೆ ಅಲ್ಲಿನ ಜೀವಕೋಶಗಳು ಸಾಯುತ್ತವೆ. ನಮ್ಮ ಹಳ್ಳಿಗಳಲ್ಲಿ ಕಣ್ಣಿನ ನರ ಹೋಗಿದೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರಲ್ಲ, ಆ ಮಾತಿನ ಕೆಳಗೆ ಸಕಾಲಕ್ಕೆ ತೋರಿಸದ ಇಂಥ ಕಣ್ಣುಗಳೂ ಹೂತುಹೋಗಿವೆ. ಇದ್ದಕ್ಕಿದ್ದಂತೆ ಕಪ್ಪು ಚುಕ್ಕಿಗಳ ಮಳೆ, ಕತ್ತಲಲ್ಲಿ ಮಿಂಚಿನ ಗೆರೆ, ಒಂದು ಮಗ್ಗುಲಿಂದ ಪರದೆ ಎಳೆದಂತಾಗುವುದು: ದೊಡ್ಡವರಿಗೆ ಇವು ಕಂಡ ದಿನವೇ ರೆಟಿನಾ ಡಾಕ್ಟರ ಬಳಿ ಹೋಗಬೇಕು, ಪ್ರಾಜೆಕ್ಟ್ ಗಡುವು ಮುಗಿದ ಮೇಲಲ್ಲ. ಮಕ್ಕಳ ತೊಂದರೆ ಬೇರೆ. ಒಂದು ಕಣ್ಣು ಹೋದರೂ ಮಗು ಹೇಳುವುದಿಲ್ಲ, ಇನ್ನೊಂದರಿಂದ ಆಡಿಕೊಂಡಿರುತ್ತದೆ. ಎರಡನೆಯದೂ ಮಂಜಾದಾಗ ಮನೆಯವರಿಗೆ ಗೊತ್ತಾಗುತ್ತದೆ.

ಇನ್ನೊಂದು ಮಾತು ಇಲ್ಲಿ ಬರುವ ತಂದೆತಾಯಿ ಯಾವಾಗಲೂ ಹೇಳುತ್ತಾರೆ. ನಮ್ಮದು ಸೋದರ ಸಂಬಂಧದ ಮದುವೆಯಲ್ಲ, ಹಾಗಾಗಿ ವಂಶದ ಕಾಯಿಲೆ ಇರಲು ಸಾಧ್ಯವಿಲ್ಲ ಎಂದು. ಅಕ್ಕನ ಮಗಳನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವ ರೂಢಿಯಿರುವ ನಮ್ಮ ಕಡೆ ಈ ತರ್ಕ ಸಹಜ. ಆದರೆ ಸ್ಟಿಕ್ಲರ್‌ನ ಹೆಚ್ಚಿನ ಕುಟುಂಬಗಳಲ್ಲಿ, ಮಾರ್ಫಾನ್‌ನಲ್ಲಿ, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಕೆಟ್ಟ ಜೀನ್ ಸಾಕು. ಪ್ರತಿ ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ಎಷ್ಟೋ ಸಲ ಅಪ್ಪ ಅಮ್ಮ ಇಬ್ಬರಲ್ಲೂ ಇರದೆ ಮಗುವಿನಲ್ಲೇ ಹೊಸದಾಗಿ ಕೆಡುವುದೂ ಉಂಟು. ಸಂಬಂಧದ ಮದುವೆಯಿಂದ ಹೆಚ್ಚುವುದು ಸ್ಟಿಕ್ಲರ್‌ನ ಕೆಲವು ಅಪರೂಪದ ಬಗೆಗಳು ಮಾತ್ರ. ಮನೆಯಲ್ಲಿ ಯಾರಿಗೋ ಒಬ್ಬರಿಗೆ ಇದೆ ಎಂದಾದರೆ ಉಳಿದವರೆಲ್ಲರ ಕಣ್ಣನ್ನೂ ಪಾಪೆ ಅರಳಿಸಿ ಅಂಚಿನವರೆಗೆ ನೋಡಬೇಕು. ಹೆಣ್ಣು ಕೊಡುವವರು ಏನೆನ್ನುತ್ತಾರೋ ಎಂಬ ಹೆದರಿಕೆಯಿಂದ ಅಣ್ಣನ ಮಗಳನ್ನು ತೋರಿಸದೆ ಇದ್ದ ಮನೆಗಳನ್ನೂ ಕಂಡಿದ್ದೇನೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ಸ್ಟಿಕ್ಲರ್‌ನವರ ಕಣ್ಣಿನಲ್ಲಿ ಗೋನಿನ್ನರ ಕೈಗೂ ಎಟುಕದ ಒಂದು ಸಂಗತಿ ಇತ್ತು. ಅವರಿಗೆ ಸಿಗುತ್ತಿದ್ದ ತೂತುಗಳು ಬಹುಪಾಲು ಸಣ್ಣವು, ಒಂದೆರಡು ಬರೆಗೆ ಮುಚ್ಚುವಂಥವು. ಸಂಯೋಜಕ ಅಂಗಾಂಶದ ಕಾಯಿಲೆಯಲ್ಲಿ ಪೊರೆ ಅಂಚಿನುದ್ದಕ್ಕೂ, ಗಡಿಯಾರದ ಮೂರು ನಾಲ್ಕು ಗಂಟೆಗಳಷ್ಟು ಅಗಲಕ್ಕೆ, ಕೆಲವೊಮ್ಮೆ ಇನ್ನೂ ಹೆಚ್ಚಿಗೆ ಹರಿದು ಹಾಸಿಗೆಯ ಚಾದರದ ಹಾಗೆ ಮಡಚಿಕೊಳ್ಳುತ್ತದೆ. ಅದಕ್ಕೆ ಬೆಂಕಿಯ ಮೊನೆಯಿಂದ ಏನೂ ಆಗದು. ಲೋಳೆ ತೆಗೆದು, ನೀರಿಗಿಂತ ಭಾರವಾದ ಪರ್ಫ್ಲೂರೊಕಾರ್ಬನ್ ದ್ರವ ಹಾಕಿ ಆ ಮಡಿಕೆಯನ್ನು ನೇವರಿಸಿ ಕೂರಿಸುವ ಉಪಾಯ ಸಿಕ್ಕಿದ್ದು 1980ರ ದಶಕದಲ್ಲಿ. ಇಂದು ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಅದನ್ನು ಮಾಡುತ್ತಾರೆ. ಹರಿಯುವ ಮುಂಚೆಯೇ ಅಂಚಿನ ಸುತ್ತ ಕ್ರಯೊದಿಂದ ಬೆಸುಗೆ ಹಾಕಿಡುವುದನ್ನು ಇಂಗ್ಲೆಂಡಿನ ಕೇಂಬ್ರಿಜ್‌ನ ವೈದ್ಯರು ಹಲವು ವರ್ಷ ಮಾಡಿ, ಕಳಚುವುದು ಬಹಳ ಕಡಿಮೆಯಾಗುತ್ತದೆ ಎಂದು ತೋರಿಸಿದ್ದಾರೆ. ಎಲ್ಲ ಡಾಕ್ಟರುಗಳೂ ಇದನ್ನು ಒಪ್ಪುವುದಿಲ್ಲ, ಚೆನ್ನಾಗಿರುವ ಕಣ್ಣನ್ನು ಮುಟ್ಟುವುದು ಹೇಗೆ ಎನ್ನುವವರೂ ಇದ್ದಾರೆ. ಆದರೆ ಒಂದು ಕಣ್ಣು ಆಗಲೇ ಹೋಗಿರುವ ಮಗುವಿನ ಇನ್ನೊಂದು ಕಣ್ಣಿನ ಮುಂದೆ ಕೂತಾಗ ಆ ವಾದದ ತೂಕ ಬೇರೆಯಾಗುತ್ತದೆ.

ಗೋನಿನ್ ತಮ್ಮ ಮೂವತ್ತು ವರ್ಷದ ದುಡಿಮೆಯನ್ನೆಲ್ಲ ರೆಟಿನಾ ಕಳಚುವುದರ ಮೇಲಿನ ಒಂದೇ ಪುಸ್ತಕದಲ್ಲಿ ಕಟ್ಟಿ 1934ರಲ್ಲಿ ಲೂಸಾನಿನಲ್ಲೇ ಅಚ್ಚು ಹಾಕಿಸಿದರು. ಮರುವರ್ಷ, 1935ರ ಜೂನ್ 10ರಂದು, ಹುಟ್ಟಿದ ಊರಿನಲ್ಲೇ ತೀರಿಕೊಂಡರು. ಅರವತ್ತೈದು ತುಂಬಲು ಇನ್ನೂ ಎರಡು ತಿಂಗಳಿತ್ತು. ಮೂರು ವರ್ಷದ ನಂತರ, 1938ರಲ್ಲಿ, ಅವರದೇ ದೇಶದ ಹ್ಯಾನ್ಸ್ ವಾಗ್ನರ್ ಎಂಬ ವೈದ್ಯರು ಝೂರಿಕ್ ಪ್ರಾಂತ್ಯದ ಒಂದೇ ಕುಟುಂಬದ ಹದಿಮೂರು ಮಂದಿಯ ಕಣ್ಣಿನಲ್ಲಿ ಲೋಳೆಯೂ ರೆಟಿನಾವೂ ಒಂದೇ ತೆರನಾಗಿ ಕೆಟ್ಟಿರುವುದನ್ನು ಬರೆದರು. ಲೋಳೆಯ ದೋಷ ವಂಶದಲ್ಲಿ ಇಳಿಯುತ್ತದೆ ಎಂಬುದಕ್ಕೆ ಮೊದಲ ಸ್ಪಷ್ಟ ಚಿತ್ರಗಳಲ್ಲಿ ಅದೊಂದು. ಗೋನಿನ್ ಇದ್ದಿದ್ದರೆ ಝೂರಿಕ್ಕಿನ ರೈಲು ಹತ್ತಿ ಆ ಹದಿಮೂರು ಮಂದಿಯ ಕಣ್ಣಿನ ಅಂಚನ್ನೂ ಒಂದೊಂದಾಗಿ ನೋಡಿ ಬರುತ್ತಿದ್ದರು ಎಂದು ನನ್ನ ಊಹೆ.

ಸ್ವಿಟ್ಜರ್ಲೆಂಡ್ 1971ರಲ್ಲಿ ವೈದ್ಯರ ಹೆಸರಿನಲ್ಲಿ ಹೊರತಂದ ಅಂಚೆಚೀಟಿಗಳಲ್ಲಿ ಕ್ಷಯದ ಕಾಖ್, ಇನ್ಸುಲಿನ್ನಿನ ಬ್ಯಾಂಟಿಂಗ್ ಜೊತೆಯಲ್ಲಿ ಗೋನಿನ್ನರ ಮುಖವೂ ಇದೆ. ನೇತ್ರವೈದ್ಯರ ಜಾಗತಿಕ ಪರಿಷತ್ತು ನಾಲ್ಕು ವರ್ಷಕ್ಕೊಮ್ಮೆ ಒಬ್ಬರಿಗೆ ಮಾತ್ರ ಕೊಡುವ ಅತಿ ದೊಡ್ಡ ಪದಕಕ್ಕೆ ಅವರ ಹೆಸರು. ಕುರುಡರ ಆಶ್ರಯಧಾಮದ ಜೊತೆಗಿದ್ದ ಆ ಆಸ್ಪತ್ರೆ ಈಗಲೂ ಲೂಸಾನಿನ ಇಳಿಜಾರಿನಲ್ಲಿ ನಡೆಯುತ್ತಿದೆ, ಜೂಲ್ ಗೋನಿನ್ ಕಣ್ಣಿನ ಆಸ್ಪತ್ರೆ ಎಂಬ ಹೆಸರಿನಲ್ಲಿ.